ಕ್ಯಾಂಪರ್ ವ್ಯಾನ್ ಅಲಾರಂ ಸುಮ್‌ಸುಮ್ನೆ ಕೂಗುತ್ತಿದೆಯೇ?

ರಾತ್ರಿ ಎರಡೂವರೆ. ಕಾರವಾರದ ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದ ಕ್ಯಾಂಪರ್ ವ್ಯಾನು, ಅಂದರೆ ಒಳಗೇ ಮಲಗಿ ಊರೂರು ಸುತ್ತುವ ಗಾಡಿ, ಕೇರಿಯೆಲ್ಲ ಎದ್ದು ಕೂರುವ ಹಾಗೆ ಕೂಗತೊಡಗಿತು. ಓಡಿ ಹೋಗಿ ನೋಡಿದರೆ ಕಳ್ಳ ಹಾಗಿರಲಿ, ಒಂದು ನಾಯಿಯೂ ಇಲ್ಲ. ರಿಮೋಟ್ ಒತ್ತಿ ಬಾಯಿ ಮುಚ್ಚಿಸಿ ಬಂದು ಮಲಗಿದೆ. ನಾಲ್ಕು ಗಂಟೆಗೆ ಮತ್ತೆ ಅದೇ ಕಥೆ. ಮೂರನೇ ದಿನ ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದ ಕೇಳಿದರು: “ಅಲ್ಲ ಮಾರಾಯಾ, ನಿಜವಾಗಿ ಕಳ್ಳ ಬಂದ್ರೆ ಇದು ಎಂಥ ಮಾಡ್ತದೆ? ಇನ್ನೂ ಜಾಸ್ತಿ ಕೂಗ್ತದಾ?”

ಅವತ್ತು ನಾನು ಮಾಡಿದ್ದು ಹೆಚ್ಚಿನವರು ಮಾಡುವ ತಪ್ಪು. ಗಾಡಿ ಅದುರಿದರೆ ಅಲಾರಂಗೆ ತಿಳಿಸುವ ಶಾಕ್ ಸೆನ್ಸರ್‌ನ ಸ್ಕ್ರೂ ತಿರುಗಿಸಿ ಅದರ ಚುರುಕು ಪೂರ್ತಿ ಇಳಿಸಿಬಿಟ್ಟೆ. ರಾತ್ರಿ ಮತ್ತೆ ಕೂಗಿತು. ತಪ್ಪು ಇದ್ದದ್ದು ಬಾನೆಟ್ ಕೆಳಗಿನ ಒಂದು ಪುಟ್ಟ ಸ್ವಿಚ್ಚಿನಲ್ಲಿ. ನಾನು ಸರಿ ಇದ್ದ ಸೆನ್ಸರನ್ನು ಕಿವುಡು ಮಾಡಿ ಕೂತಿದ್ದೆ. ಹಾಗಾಗಿ ಮೊದಲ ಮಾತು: ಯಾವ ಸೆನ್ಸರ್ ಕೂಗಿಸುತ್ತಿದೆ ಎಂದು ತಿಳಿಯುವ ತನಕ ಯಾವ ಸ್ಕ್ರೂವನ್ನೂ ಮುಟ್ಟಬೇಡಿ.

ಮೊದಲು ಒಂದು ಚೀಟಿ, ಒಂದು ಪೆನ್ನು

ಕೂಗಿದಾಗಲೆಲ್ಲ ಗಂಟೆ ಬರೆದಿಡಿ. ಮಳೆ ಇತ್ತೇ, ಗಾಳಿ ಇತ್ತೇ, ಫ್ರಿಜ್ ಓಡುತ್ತಿತ್ತೇ, ಪಕ್ಕದಲ್ಲಿ ಲಾರಿ ಹೋಯಿತೇ ಎನ್ನುವುದನ್ನೂ ಬರೆಯಿರಿ. ಮೂರು ನಾಲ್ಕು ಸಲ ಬರೆದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನಡುಮಧ್ಯಾಹ್ನ ಬಿಸಿಲಲ್ಲಿ ಕೂಗಿದರೆ ಗಾಡಿಯೊಳಗಿನ ಓಡಾಟ ಹಿಡಿಯುವ ಸೆನ್ಸರ್ ಮೇಲೆ ಅನುಮಾನ. ಬೆಳಗಿನ ಜಾವ ಇಬ್ಬನಿ ಬೀಳುವ ಹೊತ್ತಿಗೆ ಕೂಗಿದರೆ ಬಾಗಿಲು, ಬಾನೆಟ್ ಸ್ವಿಚ್. ವಾರಗಟ್ಟಲೆ ನಿಲ್ಲಿಸಿದ ಮೇಲೆ ಕೂಗಿದರೆ ಬ್ಯಾಟರಿ.

ಅಲಾರಂ ಕೂಡ ತಾನೇ ಹೇಳುತ್ತದೆ, ಗೊತ್ತಾ? ಎಷ್ಟೋ ಮಾದರಿಗಳಲ್ಲಿ ರಿಮೋಟ್ ಒತ್ತಿ ಅಲಾರಂ ಆಫ್ ಮಾಡಿದ ಮೇಲೆ ಡ್ಯಾಶ್‌ಬೋರ್ಡಿನ ಪುಟ್ಟ ದೀಪ ಇಂತಿಷ್ಟು ಸಲ ಎಂದು ಮಿನುಗುತ್ತದೆ. ಆ ಎಣಿಕೆಯೇ ಯಾವ ಸೆನ್ಸರ್ ಎಂಬುದರ ಗುರುತು. ಯಾವ ಎಣಿಕೆಗೆ ಯಾವ ಸೆನ್ಸರ್ ಎನ್ನುವುದು ಅಲಾರಂ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಕೀ ತಿರುಗಿಸುವ ಮೊದಲೇ ಎಣಿಸಿ. ಕೆಲವು ಮಾದರಿಗಳಲ್ಲಿ ಇಗ್ನಿಷನ್ ಆನ್ ಆದ ಕೂಡಲೇ ಆ ನೆನಪು ಅಳಿಸಿ ಹೋಗುತ್ತದೆ.

ಬ್ಯಾಟರಿ

ವ್ಯಾನಿನಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ. ಒಂದು ಎಂಜಿನ್‌ಗೆ, ಇನ್ನೊಂದು ಒಳಗಿನ ದೀಪ, ಫ್ಯಾನ್, ಫ್ರಿಜ್‌ಗೆ. ನಿಮ್ಮ ಅಲಾರಂ ಯಾವುದರಿಂದ ಕರೆಂಟ್ ಎಳೆಯುತ್ತಿದೆ ಎಂದು ಮೊದಲು ನೋಡಿ. ಗಾಡಿ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆ ಬ್ಯಾಟರಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಸಾದಾ ಲೆಡ್ ಆಸಿಡ್ ಬ್ಯಾಟರಿಯಾದರೆ 12.6 ವೋಲ್ಟ್ ಸುತ್ತಮುತ್ತ ಇದ್ದರೆ ತುಂಬಿದೆ. 12.2 ಅಂದರೆ ಅರ್ಧಕ್ಕೆ ಬಂದಿದೆ. 12ಕ್ಕಿಂತ ಕೆಳಗೆ ಇಳಿದಿದ್ದರೆ ಬೇರೆ ಹುಡುಕಾಟ ಬೇಡ, ಮೊದಲು ಚಾರ್ಜ್ ಮಾಡಿಸಿ. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ನಡೆಯುವುದಿಲ್ಲ, ಅದು ಸಾಮಾನ್ಯವಾಗಿ 13ರ ಆಸುಪಾಸಿನಲ್ಲೇ ತೋರಿಸುತ್ತದೆ.

ಹಳೆಯ ಕೆಲವು ಅಲಾರಂಗಳು ವೋಲ್ಟೇಜ್ ದಿಢೀರ್ ಇಳಿದರೆ “ಯಾರೋ ಬಾಗಿಲು ತೆಗೆದರು, ಒಳಗಿನ ಲೈಟ್ ಹತ್ತಿತು” ಎಂದುಕೊಳ್ಳುತ್ತವೆ. ಫ್ರಿಜ್ಜಿನ ಕಂಪ್ರೆಸರ್ ಶುರುವಾದರೂ ಸಾಕು, ಎಂಜಿನ್ ಆಫ್ ಮಾಡಿದ ಮೇಲೆ ರೇಡಿಯೇಟರ್ ಫ್ಯಾನ್ ತಿರುಗಿದರೂ ಸಾಕು.

ಬಾಗಿಲು ಮತ್ತು ಬಾನೆಟ್: ಕರಾವಳಿಯ ಅಸಲಿ ಕಳ್ಳ ಇಲ್ಲೇ

ಬಾನೆಟ್ ಅಂಚಿನಲ್ಲಿ ಸ್ಪ್ರಿಂಗ್ ಇರುವ ಒಂದು ಪಿನ್ ಸ್ವಿಚ್ ಇರುತ್ತದೆ. ಬಾನೆಟ್ ತೆರೆದರೆ ಪಿನ್ ಮೇಲೆ ಬರುತ್ತದೆ. ಆಗ ವೈರು ಗಾಡಿಯ ಲೋಹದ ಮೈಗೆ ಸೇರಿ ಅರ್ಥ್ ಆಗುತ್ತದೆ. ಅಲಾರಂಗೆ ಅಷ್ಟೇ ಬೇಕು. ಈಗ ನಮ್ಮ ಕಡೆಯ ಗಾಳಿಯನ್ನು ನೆನೆಸಿಕೊಳ್ಳಿ. ಟಾಗೋರ್ ಬೀಚಿನ ಪಕ್ಕ ಒಂದು ಸಂಜೆ ನಿಲ್ಲಿಸಿದರೆ ಗಾಜಿನ ಮೇಲೆ ಅಂಟಂಟು ಪದರ ಕೂರುತ್ತದಲ್ವಾ? ಅದೇ ಉಪ್ಪು ಆ ಸ್ವಿಚ್ಚಿನ ಮೇಲೂ ಕೂರುತ್ತದೆ. ಹಗಲು ಒಣಗಿದ್ದಾಗ ತೊಂದರೆಯಿಲ್ಲ. ರಾತ್ರಿ ತೇವ ತಾಗಿದರೆ ಉಪ್ಪುನೀರಾಗುತ್ತದೆ, ಉಪ್ಪುನೀರಲ್ಲಿ ಕರೆಂಟ್ ಹರಿಯುತ್ತದೆ. ಪಿನ್ ಮಾಡಬೇಕಾದ ಕೆಲಸವನ್ನು ಆ ಹನಿ ಮಾಡುತ್ತದೆ. ನಮ್ಮ ವ್ಯಾನು ಕತ್ತಲಲ್ಲಿ ಮಾತ್ರ ಕೂಗಲು ಇದೇ ಕಾರಣ. ಬೆಳಿಗ್ಗೆ ಗ್ಯಾರೇಜಿಗೆ ಒಯ್ದರೆ ಎಲ್ಲ ಸರಿ ಇರುತ್ತಿತ್ತು!

ಸ್ವಿಚ್ ಬಿಚ್ಚಿ ನೋಡಿ. ಹಸಿರು ಕಿಲುಬು ಕಂಡರೆ ನಯವಾದ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಜೋಡಿಸಿದ ಮೇಲೆ ಹೊರಗಿನಿಂದ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ರಬ್ಬರ್ ಟೊಪ್ಪಿ ಹರಿದಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಸ್ವಿಚ್ಚನ್ನೇ ಬದಲಿಸಿ. ದುಬಾರಿ ಸಾಮಾನೇನಲ್ಲ. ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದ್ದರೆ ಆ ಟೇಪು ನಮ್ಮ ಒಂದು ಮಳೆಗಾಲ ತಡೆಯುವುದೂ ಕಷ್ಟ. ಬೆಸುಗೆ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗಿ ಕೂರುವ) ಕೊಳವೆ ಹಾಕಿಸಿ. ಅಲಾರಂನ ಅರ್ಥ್ ವೈರು ಗಾಡಿಯ ಮೈಗೆ ಸೇರುವ ಬೋಲ್ಟನ್ನೂ ನೋಡಿ. ತುಕ್ಕು ಇದ್ದರೆ ಲೋಹ ಹೊಳೆಯುವ ತನಕ ಕೆರೆದು ಬಿಗಿ ಮಾಡಿ.

ಒಳಗೆ ಮನೆ ಕಟ್ಟಿದ ವ್ಯಾನುಗಳಲ್ಲಿ ಹಿಂಬಾಗಿಲಿಗೆ, ಜಾರುವ ಬಾಗಿಲಿಗೆ ಮ್ಯಾಗ್ನೆಟ್ ಸ್ವಿಚ್ ಇರುತ್ತದೆ. ಮ್ಯಾಗ್ನೆಟ್ ಒಂದು ಕಡೆ, ಸ್ವಿಚ್ ಇನ್ನೊಂದು ಕಡೆ. ನಡುವಿನ ಸಂದು ಜಾಸ್ತಿಯಾದರೆ ಬಾಗಿಲು ತೆರೆದಿದೆ ಎಂದೇ ಲೆಕ್ಕ. ಜಾರುವ ಬಾಗಿಲಿನ ರೋಲರ್ ಸವೆದು ಬಾಗಿಲು ಜೋತು ಬಿದ್ದಿದ್ದರೆ ಹೀಗಾಗುತ್ತದೆ. ಇಳಿಜಾರಿನಲ್ಲಿ ಒಂದು ಚಕ್ರ ಮೇಲಕ್ಕೆ ಹತ್ತಿಸಿ ನಿಲ್ಲಿಸಿದಾಗ ಬಾಡಿ ಚೂರು ತಿರುಚಿಕೊಂಡರೂ ಆಗುತ್ತದೆ. ದೇವಿಮನೆ ಘಾಟಿಯ ಬದಿಯಲ್ಲಿ ಕೂಗಿದ ವ್ಯಾನು ಕುಮಟೆಯ ಸಮತಟ್ಟು ಜಾಗದಲ್ಲಿ ತೆಪ್ಪಗಿದ್ದರೆ ಮೊದಲು ಇದನ್ನೇ ನೋಡಿ. ಪರೀಕ್ಷೆ ಸುಲಭ: ಅಲಾರಂ ಹಾಕಿ ಒಂದು ನಿಮಿಷ ಬಿಟ್ಟು, ಒಂದೊಂದೇ ಬಾಗಿಲನ್ನು ಅಂಗೈಯಿಂದ ಮೆಲ್ಲಗೆ ಒತ್ತಿ, ಬಿಡಿ. ಕೂಗಿದರೆ ಸಿಕ್ಕಿಬಿತ್ತು.

ಒಳಗಿನ ಕಣ್ಣುಗಳು

ಒಳಗೆ ಓಡಾಟ ಹಿಡಿಯುವ ಸೆನ್ಸರ್ ಮೂರು ಬಗೆ. ಇನ್‌ಫ್ರಾರೆಡ್ ಬಗೆಯದ್ದು ಚಲಿಸುವ ಶಾಖವನ್ನು ಹಿಡಿಯುತ್ತದೆ. ಬಿಸಿಲಿಗೆ ಕಾದ ಪರದೆ ಅಲ್ಲಾಡಿದರೂ, ಸೆನ್ಸರ್ ಮೇಲೇ ಜೇಡ ನಡೆದರೂ ಅದಕ್ಕೆ ಕಳ್ಳನೇ. ಅಲ್ಟ್ರಾಸಾನಿಕ್ ಬಗೆಯದ್ದು ನಮಗೆ ಕೇಳದ ಸದ್ದು ಬಿಟ್ಟು, ಅದು ತಿರುಗಿ ಬರುವುದರಲ್ಲಿ ವ್ಯತ್ಯಾಸ ಹುಡುಕುತ್ತದೆ. ಅದಕ್ಕೆ ಗಾಳಿ ಆಗಿಬರುವುದಿಲ್ಲ. ಮೇಲಿನ ಕಿಂಡಿ ತೆರೆದಿಟ್ಟು ಸಮುದ್ರದ ಗಾಳಿ ಬಿಟ್ಟರೆ ಕೂಗದೇ ಇನ್ನೇನು? ಮೈಕ್ರೋವೇವ್ ಬಗೆಯದ್ದು ಗಾಜು, ಫೈಬರ್ ಗೋಡೆ ದಾಟಿಯೂ ನೋಡುತ್ತದೆ. ಗೋಕರ್ಣದ ಜನಸಂದಣಿಯಲ್ಲಿ ಹೊರಗೆ ಹೋಗುವವರನ್ನೂ ಎಣಿಸುತ್ತದೆ. ಇದರ ಚುರುಕನ್ನು ಮಾತ್ರ ಧೈರ್ಯವಾಗಿ ಇಳಿಸಬಹುದು.

ಒಳಗೆ ಮಲಗುವ ರಾತ್ರಿ ಈ ಸೆನ್ಸರ್ ಆಫ್ ಇರಬೇಕು, ಬಾಗಿಲಿನವು ಮಾತ್ರ ಎಚ್ಚರ ಇರಬೇಕು. ಹೆಚ್ಚಿನ ಅಲಾರಂಗಳಲ್ಲಿ ಅದಕ್ಕೆ ಬೇರೆ ಬಟನ್ ಇದೆ. ಅದನ್ನು ಮರೆತು, ರಾತ್ರಿ ನೀರು ಕುಡಿಯಲು ಎದ್ದವರು ಬೈಗುಳ ತಿನ್ನುತ್ತಾರೆ.

ಶಾಕ್ ಸೆನ್ಸರ್

ಹೆದ್ದಾರಿ 66ರ ಲಾರಿಗಳು, ಕೊಂಕಣ ರೈಲಿನ ಹಳಿ, ಸಿಡಿಲು, ಶಿರಸಿಯ ಜಾತ್ರೆಯ ಧ್ವನಿವರ್ಧಕ. ಚೀಟಿಯಲ್ಲಿ ಇವೇ ಮತ್ತೆ ಮತ್ತೆ ಕಂಡರೆ ಈಗ ಸ್ಕ್ರೂ ತಿರುಗಿಸಿ, ಒಂದು ಸಲಕ್ಕೆ ಒಂದು ಚೂರು ಮಾತ್ರ. ವ್ಯಾನಿನ ಕಿಟಕಿ ಪಕ್ಕದ ಕಂಬಕ್ಕೆ ಮುಷ್ಟಿಯಿಂದ ಗುದ್ದಿದರೆ ಕೂಗಬೇಕು, ಬೆರಳಿನಿಂದ ತಟ್ಟಿದರೆ ಕೂಗಬಾರದು. ಸೆನ್ಸರೇ ಸಡಿಲವಾಗಿ ನೇತಾಡುತ್ತಿದ್ದರೆ ಮೊದಲು ಅದನ್ನು ಬಿಗಿ ಮಾಡಿ. ಇನ್ನು ತೆಂಗಿನಮರದ ಬುಡದಲ್ಲಿ ನಿಲ್ಲಿಸಿ ಕಾಯಿ ಬಿದ್ದು ಕೂಗಿದರೆ ಅದು ಅಲಾರಂ ತಪ್ಪಲ್ಲ.

ಇಷ್ಟಾದರೂ ಸಿಗದಿದ್ದರೆ

ರಾತ್ರಿಗೆ ಒಂದೇ ಸೆನ್ಸರ್ ಆಫ್ ಮಾಡಿ, ಉಳಿದವು ಇರಲಿ. ಯಾವುದು ಆಫ್ ಇದ್ದಾಗ ನಿದ್ದೆ ಬಂತೋ ಅದೇ ತಪ್ಪಿತಸ್ಥ. ಒಂದೇ ರಾತ್ರಿ ನಂಬಬೇಡಿ, ಎರಡು ರಾತ್ರಿ ನೋಡಿ. ವೈರ್ ಇಲ್ಲದ ಸೆನ್ಸರ್ ಆದರೆ ಅದರ ಪುಟ್ಟ ಸೆಲ್ ಬದಲಿಸಿ ನೋಡಿ.

ಸೈರನ್ ಕೂಡ ಕೆಡುತ್ತದೆ. ಕೆಲವು ಸೈರನ್‌ಗಳ ಒಳಗೇ ಒಂದು ಬ್ಯಾಟರಿ ಇರುತ್ತದೆ. ಅದು ಹಳತಾದರೆ ಯಾವ ಸೆನ್ಸರೂ ಹೇಳದೆ ತಾನಾಗಿ ಕಿರುಚಬಹುದು. ಇಂಥ ಸೈರನ್ ಇದ್ದು ನೀವು ಗಾಡಿಯ ಬ್ಯಾಟರಿ ಬಿಚ್ಚಿದರೆ ಕಿವಿಯ ಪಕ್ಕದಲ್ಲೇ ಶುರುವಾಗುತ್ತದೆ. ಮೊದಲು ಸೈರನ್‌ನ ಕೀ ತಿರುಗಿಸಿ ಆಫ್ ಮಾಡಿ, ಆಮೇಲೆ ನೆಗೆಟಿವ್ ವೈರ್ ಬಿಚ್ಚಿ. ಕಂಪನಿಯಿಂದಲೇ ಬಂದ ಅಲಾರಂ ಆದರೆ, ಇಲ್ಲವೇ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವೈರು ಅದರ ಜೊತೆಗಿದ್ದರೆ, ಕತ್ತರಿ ಹಿಡಿಯಬೇಡಿ. ನಿಮ್ಮ ಚೀಟಿ ಹಿಡಿದು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಅವರಿಗೂ ಕೆಲಸ ಹಗುರ.

ರಿಪೇರಿ ಮುಗಿದ ಮೇಲೆ ಪ್ರತಿ ಬಾಗಿಲನ್ನೂ ಬೇಕೆಂದೇ ತೆರೆದು ಅಲಾರಂ ಕೂಗುತ್ತದೆಯೇ ನೋಡಿ. ಹಗಲು ಹೊತ್ತಿನಲ್ಲೇ ಮಾಡಿ, ಪಕ್ಕದ ಮನೆಗೆ ಮೊದಲೇ ಹೇಳಿ ಬನ್ನಿ.