ಹಗಲು ಲೆಕ್ಕ ಹಾಕಿ ಹೊರಡಿ: ಹಾಸನದಿಂದ ಲೋಣಾರದ ಉಪ್ಪುನೀರಿನ ಕೆರೆಗೆ

ಹಾಸನದವರಿಗೆ ಕಾರಿನ ಪ್ರವಾಸ ಅಂದರೆ ಹೆಚ್ಚಾಗಿ ಘಟ್ಟ ಇಳಿಯುವುದು. ಶಿರಾಡಿ ಇಳಿದರೆ ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಉತ್ತರದ ಕಡೆ ಹೋಗುವವರು ಕಡಿಮೆ, ಹೋದರೂ ಹಂಪಿ ನೋಡಿ ವಾಪಸ್ ಬರುತ್ತಾರೆ. ಅದೇ ದಾರಿ ಹಿಡಿದು ಇನ್ನೂ ಮುಂದೆ ಹೋದರೆ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸಿಗುತ್ತದೆ. ಊರಿನ ಅಂಚಿನಲ್ಲೇ ಉಲ್ಕೆ ಬಿದ್ದು ಆದ ದೊಡ್ಡ ಗುಂಡಿ. ಅದರ ತಳದಲ್ಲಿ ಉಪ್ಪುನೀರಿನ ಕೆರೆ. ಹಾಸನದಿಂದ ಒಂದು ಕಡೆಗೇ ಸುಮಾರು 950 ಕಿ.ಮೀ.

ಕೆರೆ ನೋಡೋಕೆ ಅಷ್ಟು ದೂರ ಹೋಗಬೇಕಾ ಅಂತ ಮನೆಯಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಹೇಳೋಕೆ ಇಷ್ಟು ತಿಳಿದಿರಲಿ.

ಈ ಗುಂಡಿಯ ಅಗಲ ಸುಮಾರು 1.8 ಕಿ.ಮೀ., ಆಳ ಸುಮಾರು 150 ಮೀಟರ್. ಲಾವಾ ಹರಿದು ಗಟ್ಟಿಯಾದ ಕರಿಕಲ್ಲಿನ ನೆಲಕ್ಕೆ ಉಲ್ಕೆ ಬಡಿದು ಆಗಿದ್ದು. ಬಸಾಲ್ಟ್ ಅನ್ನುವ ಈ ಕಲ್ಲಿನಲ್ಲಿ ಆದ ಉಲ್ಕಾ ಕುಳಿ ಭೂಮಿಯ ಮೇಲೆ ತೀರಾ ಅಪರೂಪ. ಚಂದ್ರನ ಮೇಲಿನ ಎಷ್ಟೋ ಕುಳಿಗಳೂ ಇಂಥ ಕಲ್ಲಿನಲ್ಲೇ ಇರುವುದರಿಂದ ವಿಜ್ಞಾನಿಗಳಿಗೆ ಲೋಣಾರ್ ಮೇಲೆ ಅಷ್ಟು ಆಸಕ್ತಿ. 1823ರಲ್ಲಿ ಅಲೆಕ್ಸಾಂಡರ್ ಅನ್ನುವ ಬ್ರಿಟಿಷ್ ಅಧಿಕಾರಿ ಇದನ್ನು ನೋಡಿ ಬರೆದಿಟ್ಟ. ಜ್ವಾಲಾಮುಖಿಯ ಬಾಯಿ ಇರಬಹುದು ಅಂತಲೇ ಬಹಳ ಕಾಲ ನಂಬಿದ್ದರು. ಭಾರಿ ಹೊಡೆತಕ್ಕೆ ಮಾತ್ರ ಹುಟ್ಟುವಂಥ ಗಾಜು ಇಲ್ಲಿಯ ಕಲ್ಲಿನಲ್ಲಿ ಸಿಕ್ಕಿತು. ಉಲ್ಕೆಯದೇ ಕೆಲಸ ಅಂತ 1973ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಕುಳಿಗೆ ಸುಮಾರು 50 ಸಾವಿರ ವರ್ಷ ಅಂತ ಮೊದಲು ಅಂದಾಜು ಮಾಡಿದ್ದರು. ಆಮೇಲೆ ಕಲ್ಲಿನೊಳಗಿನ ಆರ್ಗಾನ್ ಅನಿಲ ಅಳೆದು ವಯಸ್ಸು ಲೆಕ್ಕ ಹಾಕಿದಾಗ ಸುಮಾರು 5.7 ಲಕ್ಷ ವರ್ಷ ಅಂತ ಬಂತು.

ನೀರು ಉಪ್ಪಾಗಿದ್ದು ಏಕೆ? ಕುಳಿಯೊಳಗೆ ತೊರೆ, ಒರತೆ, ಮಳೆನೀರು ಬಂದು ಸೇರುತ್ತವೆ. ಹೊರಗೆ ಹರಿದು ಹೋಗೋಕೆ ದಾರಿ ಇಲ್ಲ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅಡುಗೆ ಉಪ್ಪಿನ ಜೊತೆ ಒಗೆಯುವ ಸೋಡಾ ಕೂಡ ಜಾಸ್ತಿ ಇರುವುದರಿಂದ ನೀರಿನ ಪಿಎಚ್ 10ರ ಆಸುಪಾಸು ಇರುತ್ತದೆ, ಅಂದರೆ ತುಂಬ ಕ್ಷಾರ. 2020ರ ಜೂನ್‌ನಲ್ಲಿ ಇಡೀ ಕೆರೆ ಗುಲಾಬಿ ಬಣ್ಣಕ್ಕೆ ತಿರುಗಿ ದೇಶದ ತುಂಬ ಸುದ್ದಿಯಾಯಿತು. ಗಾಢ ಉಪ್ಪುನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಹೆಚ್ಚಿದ್ದೇ ಕಾರಣ ಅಂತ ಪುಣೆಯ ಅಗರಕರ್ ಸಂಶೋಧನಾ ಸಂಸ್ಥೆ ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ಇದಕ್ಕೆ ಜಗತ್ತಿನ ಮುಖ್ಯ ಜೌಗು ನೆಲ, ಕೆರೆಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಗುಲಾಬಿ ಬಣ್ಣ ನೋಡಲೇಬೇಕು ಅಂತ ಮಾತ್ರ ಹೊರಡಬೇಡಿ. ಸಾಮಾನ್ಯವಾಗಿ ನೀರು ಹಸಿರಾಗೇ ಇರುತ್ತದೆ.

ಲೆಕ್ಕ ಕೆರೆಯಿಂದ ಶುರುವಾಗಲಿ

ಮ್ಯಾಪ್ ತೆಗೆದರೆ ಹದಿನೆಂಟು ಗಂಟೆಯೋ ಇಪ್ಪತ್ತು ಗಂಟೆಯೋ ತೋರಿಸುತ್ತದೆ. ‘ಇಬ್ಬರು ಡ್ರೈವ್ ಮಾಡ್ತೀವಿ, ರಾತ್ರಿ ಹೊರಟರೆ ಮಾರನೇ ದಿನ ಅಲ್ಲಿ’ ಅಂತ ಹುಡುಗರು ಹೇಳುತ್ತಾರೆ. ದಯವಿಟ್ಟು ಒಪ್ಪಬೇಡಿ. ಈ ಪ್ರವಾಸಕ್ಕೆ ಹಗಲಿನ ಲೆಕ್ಕವೇ ಸರಿ.

ಡಿಸೆಂಬರ್‌ನಲ್ಲಿ ಒಂದು ದಿನಕ್ಕೆ ಬೆಳಕು ಸಿಗುವುದು 11 ಗಂಟೆ ಚಿಲ್ಲರೆ. ಊಟ, ಟೀ, ಕಾಲು ಸಡಿಲಿಸುವ ಹೊತ್ತು ಕಳೆದರೆ ಗಾಡಿ ಓಡುವುದು 8 ಗಂಟೆ. ಕುಳಿಯೊಳಗೆ ಇಳಿಯೋಕೆ ಒಳ್ಳೇ ಹೊತ್ತು ಬೆಳಿಗ್ಗೆ. ಬಿಸಿಲೇರಿದ ಮೇಲೆ ಮೇಲಕ್ಕೆ ಹತ್ತುವುದು ಕಷ್ಟ. ಹಾಗಾಗಿ ಹಿಂದಿನ ದಿನ ಮಧ್ಯಾಹ್ನದ ಒಳಗೆ ಲೋಣಾರ್‌ನಲ್ಲಿರಬೇಕು. ಅದಕ್ಕೆ ಅದರ ಹಿಂದಿನ ರಾತ್ರಿ ಜಾಲನಾದಲ್ಲಿ ಉಳಿಯಬೇಕು, ಅದಕ್ಕೂ ಹಿಂದಿನ ರಾತ್ರಿ ವಿಜಯಪುರದಲ್ಲಿ. ಹೀಗೆ ಹಿಂದಕ್ಕೆ ಎಣಿಸಿದರೆ ಹಾಸನ ಬಿಟ್ಟ ನಾಲ್ಕನೇ ದಿನದ ಬೆಳಿಗ್ಗೆ ನೀವು ಕೆರೆಯ ದಡದಲ್ಲಿರುತ್ತೀರಿ. ಹೋಗಿ ಬರೋಕೆ ಒಂದು ವಾರ ಬೇಕು, ಎಂಟು ದಿನ ಇದ್ದರೆ ಆರಾಮ. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಮೊದಲ ರಾತ್ರಿ ಹೊಸಪೇಟೆಯಲ್ಲೇ ನಿಂತು ಇನ್ನೊಂದು ದಿನ ಸೇರಿಸಿಕೊಳ್ಳಿ. ರಜೆ ಇಷ್ಟು ಸಿಗದಿದ್ದರೆ ಮುಂದಿನ ವರ್ಷ ಹೋಗೋಣ. ಕೆರೆ ಅಲ್ಲೇ ಇರುತ್ತದೆ ಅಲ್ವಾ.

ಯಾವ ತಿಂಗಳು

ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ತನಕ. ಬೇಸಿಗೆಯಲ್ಲಿ ಮರಾಠವಾಡಾ, ವಿದರ್ಭದ ಬಿಸಿಲು ನಮ್ಮ ಕಡೆಯವರು ತಡೆಯುವಂಥದ್ದಲ್ಲ. ಹಾಸನದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಮನೆ ತುಂಬ ನೆಂಟರು ಇರುತ್ತಾರೆ. ಬಲಿಪಾಡ್ಯಮಿ ಕಳೆದ ಮೇಲಿನ ವಾರ ಒಳ್ಳೆಯದು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರಿಗೆ ಅರೇಬಿಕಾ ಕೊಯ್ಲಿನ ನಡುವೆ ಬಿಟ್ಟು ಹೋಗೋಕೆ ಆಗುವುದಿಲ್ಲ. ಅರೇಬಿಕಾ ಮುಗಿದು ರೋಬಸ್ಟಾ ಜೋರಾಗುವ ಮುಂಚೆ ಒಂದು ಸಣ್ಣ ಬಿಡುವು ಸಿಕ್ಕರೆ ಅದನ್ನೇ ಹಿಡಿದುಕೊಳ್ಳಿ.

ನವರಾತ್ರಿ, ಶೀಗೆ ಹುಣ್ಣಿಮೆಯ ಆಸುಪಾಸು ಬೇಡ. ಸೊಲ್ಲಾಪುರದಿಂದ ತುಳಜಾಪುರಕ್ಕೆ ಭವಾನಿಯ ಭಕ್ತರು ನಡೆದು ಹೋಗುತ್ತಿರುತ್ತಾರೆ. ಆಗ ಆ ರಸ್ತೆ ಅವರದು.

ದಾರಿ: ನಾಲ್ಕು ಹೊಳೆ

ನನಗೆ ಈ ದಾರಿ ನೆನಪಿರುವುದು ಹೊಳೆಗಳಿಂದ. ಹೇಮಾವತಿ ಜಿಲ್ಲೆಯಿಂದ ಹೊರಟವರು ಹೊಸಪೇಟೆಯ ಹತ್ತಿರ ತುಂಗಭದ್ರೆ, ಆಲಮಟ್ಟಿಯ ಹತ್ತಿರ ಕೃಷ್ಣೆ, ವಿಜಯಪುರ–ಸೊಲ್ಲಾಪುರದ ನಡುವೆ ಭೀಮೆ, ಬೀಡ್ ಕಳೆದ ಮೇಲೆ ಗೋದಾವರಿ ದಾಟುತ್ತಾರೆ. ಮಕ್ಕಳ ಕೈಗೆ ಒಂದು ಕಾಗದದ ನಕ್ಷೆ ಕೊಟ್ಟು ಪ್ರತಿ ಸೇತುವೆಗೂ ಗುರುತು ಹಾಕಿಸಿ. ಫೋನ್ ಬೇಡೋದನ್ನು ಮರೆಯುತ್ತಾರೆ.

ಮೊದಲ ದಿನ ಬೆಳಿಗ್ಗೆ 6ಕ್ಕೆ ಹೊರಡಿ. ಅರಸೀಕೆರೆ, ಹುಳಿಯಾರು, ಹಿರಿಯೂರು, ಚಿತ್ರದುರ್ಗ. ಹಿರಿಯೂರಿನ ತನಕ ಊರು, ತೆಂಗಿನ ತೋಟಗಳ ನಡುವಿನ ರಸ್ತೆ, ಹಂಪ್‌ಗಳು ಬೇಕಾದಷ್ಟು. ಇಲ್ಲಿ ಹೊತ್ತು ಹೋಯಿತು ಅಂತ ಮುಂದೆ ಓಡಿಸಬೇಡಿ. ಚಿತ್ರದುರ್ಗದಿಂದ ರಾಷ್ಟ್ರೀಯ ಹೆದ್ದಾರಿ 50. ಹೊಸಪೇಟೆ, ಕುಷ್ಟಗಿ, ಇಳಕಲ್, ಹುನಗುಂದ, ಆಲಮಟ್ಟಿ ದಾಟಿ ವಿಜಯಪುರ. ಒಟ್ಟು ಸುಮಾರು 490 ಕಿ.ಮೀ. ಇಡೀ ಪ್ರವಾಸದ ಉದ್ದದ ದಿನ ಇದೇ. ಗೋಳಗುಮ್ಮಟ ನೋಡುವುದಿದ್ದರೆ ಮಾರನೇ ದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಜನ ಕಡಿಮೆ ಇದ್ದಾಗಲೇ ಮೇಲಿನ ಪಿಸುಗುಟ್ಟುವ ಸುತ್ತಿನಲ್ಲಿ ಸದ್ದು ಸರಿಯಾಗಿ ಕೇಳಿಸುವುದು.

ಎರಡನೇ ದಿನ ಹೆದ್ದಾರಿ 52. ಸೊಲ್ಲಾಪುರದಲ್ಲಿ ಕೆರೆಯ ನಡುವಿನ ಸಿದ್ಧೇಶ್ವರ ಗುಡಿಗೆ ಹೋಗದೆ ಮುಂದೆ ಹೋಗಬೇಡಿ. ಸೊನ್ನಲಿಗೆಯ ಸಿದ್ಧರಾಮ ಇದ್ದ ಊರು ಅದು. ಅಲ್ಲಿ ಕನ್ನಡದಲ್ಲಿ ಮಾತಾಡಿದರೆ ಕನ್ನಡದಲ್ಲೇ ಉತ್ತರ ಕೊಡುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಮುಂದೆ ತುಳಜಾಪುರ, ಬೀಡ್, ಗೇವರಾಯಿ. ಗೋದಾವರಿ ಸೇತುವೆ ದಾಟಿದ ಮೇಲೆ ಹೆದ್ದಾರಿ ಬಿಟ್ಟು ಅಂಬಡ್ ಕಡೆ ತಿರುಗಿದರೆ ಜಾಲನಾ. ಮಾಜಲಗಾಂವ್, ಮಂಠಾ ಮೇಲಿನ ಹತ್ತಿರದ ದಾರಿಯನ್ನು ಮ್ಯಾಪ್ ತೋರಿಸಬಹುದು. ಹೊತ್ತು ಇಳಿದ ಮೇಲೆ ಅದರ ತಂಟೆಗೆ ಹೋಗಬೇಡಿ.

ಮೂರನೇ ದಿನ 90 ಕಿ.ಮೀ. ಅಷ್ಟೇ. ನಡುವೆ ಸಿಂದಖೇಡ್ ರಾಜಾ, ಶಿವಾಜಿಯ ತಾಯಿ ಜೀಜಾಬಾಯಿ ಹುಟ್ಟಿದ ಊರು. ಜಾಲನಾದಲ್ಲೇ ಟ್ಯಾಂಕ್ ಭರ್ತಿ ಮಾಡಿಕೊಳ್ಳಿ, ಎಟಿಎಂ ಕೆಲಸವೂ ಅಲ್ಲೇ ಮುಗಿಯಲಿ.

ಕಬ್ಬಿನ ಟ್ರ್ಯಾಕ್ಟರ್

ರಾತ್ರಿ ಬೇಡ ಅಂತ ಇಷ್ಟು ಒತ್ತಿ ಹೇಳೋಕೆ ಮುಖ್ಯ ಕಾರಣ ಇದು. ನಾವು ಹೋಗುವ ತಿಂಗಳುಗಳೇ ಕಬ್ಬು ಅರೆಯುವ ಹಂಗಾಮು. ಬಾಗಲಕೋಟೆ, ವಿಜಯಪುರ, ಸೊಲ್ಲಾಪುರ, ಎಲ್ಲಾ ಸಕ್ಕರೆ ಕಾರ್ಖಾನೆಯ ಸೀಮೆ. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್. ಕಬ್ಬು ಎರಡೂ ಬದಿಗೆ ಚಾಚಿಕೊಂಡು ಟ್ರೇಲರ್‌ಗಿಂತ ಅಗಲ ಆಗಿರುತ್ತದೆ. ಹಿಂದಿನ ದೀಪ ಇದ್ದರೂ ಜೋತುಬಿದ್ದ ಸೋಗೆ ಅದನ್ನು ಮುಚ್ಚಿರುತ್ತದೆ. ಅದು ಓಡುವುದು ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ, ನೀವು 90ರಲ್ಲಿ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದ ಆ ಒಂದು ಕ್ಷಣದಲ್ಲಿ ಮುಂದೆ ಟ್ರೇಲರ್ ಇದೆ ಅಂತ ಗೊತ್ತೇ ಆಗುವುದಿಲ್ಲ.

ಅದಕ್ಕೇ ಸಂಜೆ 5 ಆದರೆ ಮುಂದಿನ ದೊಡ್ಡ ಊರಲ್ಲಿ ರೂಮ್ ಹುಡುಕಿ. ಬುಕ್ ಮಾಡಿದ ಲಾಡ್ಜ್‌ನ ಹಣ ಹೋದರೆ ಹೋಗಲಿ. ಹಗಲಿನಲ್ಲೂ ಟ್ರ್ಯಾಕ್ಟರ್ ದಾಟುವಾಗ ಹಾರ್ನ್ ಮಾಡಿ, ಎರಡನೇ ಟ್ರೇಲರ್ ಎಲ್ಲಿ ಮುಗಿಯುತ್ತದೆ ಅಂತ ನೋಡಿಕೊಂಡೇ ದಾಟಿ. ಮುರಿದ ಕಬ್ಬು ಬಿದ್ದಿರುವ ರಸ್ತೆಯಲ್ಲಿ ಬೈಕ್‌ನವರು ಇನ್ನೂ ಹುಷಾರಾಗಿರಬೇಕು.

ಗಾಡಿ, ಕಾಗದ

ಊರೊಳಗೆ ಓಡುವ ನಮ್ಮ ಕಾರುಗಳ ಟೈರ್ ಸವೆಯುವ ಮುಂಚೆ ಹಳೆಯದಾಗುತ್ತದೆ. ಬಟನ್ ಚೆನ್ನಾಗಿದೆ ಅಂತ ನಂಬಬೇಡಿ. ಟೈರಿನ ಪಕ್ಕದಲ್ಲಿ ಕೂತು, ಒದ್ದೆ ಬಟ್ಟೆಯಲ್ಲಿ ಮಣ್ಣು ಒರೆಸಿ, ಡಿಒಟಿ ಅನ್ನುವ ಅಕ್ಷರಗಳ ಸಾಲಿನ ಕೊನೆ ನೋಡಿ. ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ಆದ ಟೈರ್. ಅಷ್ಟು ಹಳೆಯದಾಗಿದ್ದು ಪಕ್ಕದಲ್ಲಿ ಸಣ್ಣ ಬಿರುಕು ಕಂಡರೆ ನಾಲ್ಕು ಪಥದ ರಸ್ತೆಗೆ, ಅಲ್ಲಿಯ ಬಿಸಿಗೆ ಅದು ಲಾಯಕ್ಕಲ್ಲ. ಸ್ಟೆಪ್ನಿಯನ್ನೂ ಹೀಗೇ ನೋಡಿ, ಗಾಳಿ ತುಂಬಿಸಿ. ಗಾಳಿ ಎಷ್ಟು ಅನ್ನುವುದು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಹಾಕಿಸಿ. ಜಾಕ್ ತೆಗೆದು ಮನೆಯಂಗಳದಲ್ಲೇ ಒಂದು ಸಲ ಚಕ್ರ ಬಿಚ್ಚಿ ಹಾಕಿ ನೋಡಿ. ಕೂಲೆಂಟ್, ಬ್ರೇಕ್, ಬ್ಯಾಟರಿ, ವೈಪರ್ ಮೆಕ್ಯಾನಿಕ್ ನೋಡಲಿ. ಸರ್ವೀಸ್ ಹೊರಡುವ ಹಿಂದಿನ ದಿನ ಬೇಡ, ವಾರ ಮುಂಚೆ ಮಾಡಿಸಿ. ಏನಾದರೂ ಸದ್ದು ಬಂದರೆ ಊರಲ್ಲೇ ಗೊತ್ತಾಗಲಿ.

ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಡಿಜಿಲಾಕರ್‌ನಲ್ಲಿದ್ದರೆ ಸಾಕು. ಆದರೂ ಪ್ರಿಂಟ್ ಇಟ್ಟುಕೊಳ್ಳಿ. ಬಾಡಿಗೆ ಗಾಡಿಯಾದರೆ ಹಳದಿ ಬೋರ್ಡೇ ಆಗಿರಲಿ, ಬೇರೆ ರಾಜ್ಯಕ್ಕೆ ಹೋಗುವ ಪರ್ಮಿಟ್ ಕೇಳಿ ನೋಡಿ. ಪರಿಚಯದವರ ವೈಟ್ ಬೋರ್ಡ್ ಗಾಡಿಗೆ ಬಾಡಿಗೆ ಕೊಟ್ಟು ಹೋದರೆ, ಅಪಘಾತವಾದಾಗ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ.

ಹೋಗಿ ಬಂದು, ಅಲ್ಲಿ ಇಲ್ಲಿ ಸುತ್ತಿ 2,200 ಕಿ.ಮೀ. ಅಂತ ಇಟ್ಟುಕೊಂಡರೆ, 15 ಕಿ.ಮೀ. ಮೈಲೇಜ್ ಕೊಡುವ ಗಾಡಿಗೆ ಸುಮಾರು 150 ಲೀಟರ್ ಬೇಕು. ಟೋಲ್ ಜಾಸ್ತಿ ಇದೆ. 2025ರ ಆಗಸ್ಟ್ 15ರಿಂದ ಸ್ವಂತ ಕಾರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, ಶುರುವಾದಾಗ ಅದಕ್ಕೆ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲ ದಾಟುವ ತನಕ ನಡೆಯುತ್ತದೆ. ಅದು ರಾಷ್ಟ್ರೀಯ ಹೆದ್ದಾರಿಗಳಿಗೆ ಮಾತ್ರ. ಜಾಲನಾ ಪಕ್ಕದಲ್ಲಿ ಹೋಗುವ ಮುಂಬೈ–ನಾಗಪುರ ಸಮೃದ್ಧಿ ಮಹಾಮಾರ್ಗ ಮಹಾರಾಷ್ಟ್ರ ಸರ್ಕಾರದ್ದು, ಅಲ್ಲಿ ಬೇರೆ ಟೋಲ್ ಕಟ್ಟಬೇಕು. ಬೈಕ್‌ಗಳಿಗೆ ಆ ರಸ್ತೆಯಲ್ಲಿ ಪ್ರವೇಶ ಇಲ್ಲ. ಹೆದ್ದಾರಿಯಲ್ಲಿ ಗಾಡಿ ಕೈಕೊಟ್ಟರೆ 1033, ಬೇರೆ ಯಾವುದೇ ತುರ್ತಿಗೆ 112.

ಊಟದ ಚಿಂತೆ ಬೇಡ, ವಿಜಯಪುರದ ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದವರು ಬೇರೇನೂ ಕೇಳುವುದಿಲ್ಲ. ಆದರೆ ಅಲ್ಲಿಂದ ಮುಂದೆ ಎಲ್ಲೆಲ್ಲೂ ಚಹಾ. ಕಾಫಿ ಇಲ್ಲದೆ ಆಗದ ಮನೆಯವರು ಪುಡಿ, ಫಿಲ್ಟರ್, ಫ್ಲಾಸ್ಕ್ ಕಟ್ಟಿಕೊಂಡೇ ಹೊರಡಿ.

ಕೆರೆಯ ಹತ್ತಿರ

ಲೋಣಾರ್ ಸಣ್ಣ ಊರು. ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ವಸತಿಗೃಹ ಇದೆ, ಮೊದಲೇ ಬುಕ್ ಮಾಡಿ. ಬಂದ ದಿನ ಮಧ್ಯಾಹ್ನ ಊರೊಳಗಿನ ದೈತ್ಯಸೂದನ ದೇವಸ್ಥಾನಕ್ಕೆ ಹೋಗಿ. ಲವಣಾಸುರನನ್ನು ಕೊಂದ ವಿಷ್ಣುವಿನ ಗುಡಿ. ಬೇಲೂರು, ಹಳೇಬೀಡು ನೋಡಿ ಬೆಳೆದ ನಮಗೆ ಅದರ ನಕ್ಷತ್ರದಂಥ ಮೂಲೆ ಮೂಲೆಯ ಗೋಡೆ ಕಂಡ ಕೂಡಲೇ ಗುರುತು ಸಿಗುತ್ತದೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನಮ್ಮ ಬಳಪದ ಕಲ್ಲಿಗೂ ಅಲ್ಲಿಯ ಕಲ್ಲಿಗೂ ಇರುವ ವ್ಯತ್ಯಾಸವನ್ನು ಕೆತ್ತನೆಯಲ್ಲೇ ನೋಡಿ. ಸಂಜೆ ಕುಳಿಯ ಅಂಚಿನಲ್ಲಿ ನಿಂತರೆ ಇಡೀ ಸುತ್ತು ಒಂದೇ ನೋಟಕ್ಕೆ ಸಿಗುತ್ತದೆ.

ಮಾರನೇ ಬೆಳಿಗ್ಗೆ ಇಳಿಯಿರಿ. ಇದು ವನ್ಯಜೀವಿ ಧಾಮ. ಎಷ್ಟು ಹೊತ್ತಿಗೆ ಬಿಡುತ್ತಾರೆ, ಯಾವ ದಾರಿ ತೆರೆದಿದೆ ಅಂತ ಹಿಂದಿನ ಸಂಜೆಯೇ ಊರಲ್ಲಿ ಕೇಳಿಟ್ಟುಕೊಳ್ಳಿ. ಅಂಚಿನಲ್ಲೇ ಗೋಮುಖದ ಸಿಹಿನೀರಿನ ಧಾರೆ ಬೀಳುತ್ತದೆ. ಕೆಳಗೆ ಮರಗಳ ನಡುವೆ ನವಿಲು ಕೂಗು ಕೇಳುತ್ತದೆ, ಹಳೇ ಗುಡಿಗಳು ಒಂದೊಂದಾಗಿ ಸಿಗುತ್ತವೆ. ದಡದಲ್ಲಿ ಕಮಲಜಾ ದೇವಿಯ ಗುಡಿ. ಮಳೆ ಜಾಸ್ತಿಯಾದ ವರ್ಷ ನೀರು ಏರಿ ದಡದ ದಾರಿ ಮುಳುಗಿರಬಹುದು, ಆಗ ನೀರಿನ ಹತ್ತಿರ ಹೋಗೋದು ಬಿಡಿ.

ನೀರಿನ ಹತ್ತಿರ ಬಂದಂತೆ ವಾಸನೆ ಮೂಗಿಗೆ ಬಡಿಯುತ್ತದೆ. ಒಂದು ಬೆರಳು ಅದ್ದಿ ಹೆಬ್ಬೆರಳಿಗೆ ಉಜ್ಜಿದರೆ ಜಾರುತ್ತದೆ, ಸೋಡಾದ ಗುಣ ಅದು. ಆ ಕೈಯನ್ನು ಕಣ್ಣಿಗೆ ಹಚ್ಚಬೇಡಿ, ಬಾಟಲಿಯ ನೀರಲ್ಲಿ ಕೂಡಲೇ ತೊಳೆಯಿರಿ. ದಡದ ಕೆಸರು ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಮೆತ್ತಗಿರುತ್ತದೆ, ಮಕ್ಕಳ ಕೈ ಹಿಡಿದಿರಿ. ನೀರಿಗೆ ಏನನ್ನೂ ಎಸೆಯಬೇಡಿ. ಹೊರಗೆ ಹರಿದು ಹೋಗದ ಕೆರೆಯಲ್ಲಿ ಬಿದ್ದದ್ದು ಅಲ್ಲೇ ಉಳಿಯುತ್ತದೆ. ಕಲ್ಲು, ಮಣ್ಣು ನೆನಪಿಗೆ ಅಂತ ತರುವುದೂ ಬೇಡ. ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು, ಹಿಡಿತ ಇರುವ ಬೂಟು, ಟೋಪಿ ಇದ್ದರೆ ಸಾಕು. 11 ಗಂಟೆಯೊಳಗೆ ಮೇಲೆ ಬನ್ನಿ.

ವಾಪಸ್

ಒಂದು ದಿನ ಹೆಚ್ಚಿದ್ದರೆ ಛತ್ರಪತಿ ಸಂಭಾಜಿನಗರಕ್ಕೆ (ಹಿಂದಿನ ಔರಂಗಾಬಾದ್) ಹೋಗಿ ಎಲ್ಲೋರ ನೋಡಿ ಬನ್ನಿ. ಅಲ್ಲಿಯ ಕೈಲಾಸ ದೇವಾಲಯ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು. ಎಲ್ಲೋರ ಮಂಗಳವಾರ ರಜೆ. ತುಳಜಾಪುರದಲ್ಲಿ ಮಂಗಳವಾರವೇ ನೂಕುನುಗ್ಗಲು. ಹಾಗಾಗಿ ವಾಪಸ್ ಬರುವಾಗಿನ ಮಂಗಳವಾರ ಎಲ್ಲಿ ಬೀಳುತ್ತದೆ ಅಂತ ಹೊರಡುವ ಮುಂಚೆಯೇ ಕ್ಯಾಲೆಂಡರ್ ನೋಡಿಕೊಳ್ಳಿ. ಸೊಲ್ಲಾಪುರದ ಶೇಂಗಾ ಚಟ್ನಿ, ಹೊದಿಕೆ ಕೊಳ್ಳುವುದನ್ನೂ ಬರುವಾಗಿನ ದಾರಿಗೇ ಇಟ್ಟುಕೊಳ್ಳಿ. ಹೋಗುವಾಗ ಡಿಕ್ಕಿಯಲ್ಲಿ ಸ್ಟೆಪ್ನಿ ಕೈಗೆ ಸಿಗುವಷ್ಟು ಜಾಗ ಖಾಲಿ ಇರಬೇಕು.