ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡೋದು ಹೀಗೆ

ಎಷ್ಟು ಸಲ ಔಷಧಿ ಹೊಡೆದ್ರಿ ಅನ್ನೋದಕ್ಕಿಂತ ದ್ರಾವಣ ಸರಿಯಾಗಿ ಕೂಡಿತ್ತಾ ಅನ್ನೋದೇ ಮುಖ್ಯ ಕಣ್ರೀ. ತುಂಬಾ ಜನ ಎಡವೋದೇ ಅಲ್ಲಿ.

ಅಳತೆ ಸುಲಭ, ಒಂದು ಪರ್ಸೆಂಟ್ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಒಳ್ಳೆ ಸುಣ್ಣ, 100 ಲೀಟರ್ ನೀರು. ಎಲ್ಲಾ ಪ್ಲಾಸ್ಟಿಕ್ ಡ್ರಮ್ಮಲ್ಲೇ ಮಾಡಿ, ಕಬ್ಬಿಣದ್ದು ಬೇಡ, ಮೈಲುತುತ್ತ ಅದನ್ನ ತಿಂದು ಹಾಕುತ್ತೆ. ಮೈಲುತುತ್ತನ ಹಿಂದಿನ ರಾತ್ರಿನೇ ಬಟ್ಟೇಲಿ ಗಂಟು ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗೋ ಹಾಗೆ ನೇತುಹಾಕಿ, ತಳಕ್ಕೆ ಹಾಕಿದ್ರೆ ಅಲ್ಲೇ ಕೂತ್ಕೊಂಡು ಬೇಗ ಕರಗಲ್ಲ. ಉಳಿದ 50 ಲೀಟರಲ್ಲಿ ಸುಣ್ಣ ಕಲಸಿ, ಚಿಪ್ಪುಸುಣ್ಣ ಆದ್ರೆ ಅರಳಿಸಿ ಪೂರ್ತಿ ತಣ್ಣಗಾಗೋವರೆಗೆ ಕಾಯಿರಿ, ಆಮೇಲೆ ಬಟ್ಟೇಲಿ ಸೋಸಿ, ಇಲ್ಲಾಂದ್ರೆ ಮರದ ಮೇಲಿರೋನು ನಾಝಲ್ ಕಟ್ಕೊಳ್ತು ಅಂತ ಬಯ್ತಾನೆ.

ಈಗ ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ತಾ ಕೋಲಲ್ಲಿ ತಿರುಗಿಸ್ತಾ ಇರಿ, ಉಲ್ಟಾ ಬೇಡ. ಒಳ್ಳೆ ಆಕಾಶನೀಲಿ ಬರುತ್ತೆ. ತಿಕ್ಕಿ ಹೊಳೆಸಿದ ಕಬ್ಬಿಣದ ಕತ್ತಿ ತುದೀನ ಒಂದು ನಿಮಿಷ ಅದ್ದಿ ನೋಡಿ, ಕೆಂಪಗೆ ತಾಮ್ರ ಹಿಡಿದ್ರೆ ಸುಣ್ಣ ಸಾಲಲಿಲ್ಲ ಅಂತ ಅರ್ಥ, ಸ್ವಲ್ಪ ಸ್ವಲ್ಪ ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಿ. ಹಾಗೇ ಹೊಡೆದ್ರೆ ಎಳೆಕಾಯಿ ಸುಡುತ್ತೆ.

ಅವತ್ತು ಮಾಡಿದ್ದು ಅವತ್ತೇ ಮುಗೀಬೇಕು, ನಾಳೆಗೆ ಇಟ್ರೆ ಅಂಟೋ ಗುಣ ಹೋಗುತ್ತೆ. ಮಳೆಗಾಲ ಹಿಡಿಯೋ ಮುಂಚೆ, ಮೇ ಕೊನೆ ಜೂನ್ ಶುರುವಲ್ಲಿ ಒಂದು ಸಲ, 40-45 ದಿನ ಬಿಟ್ಟು ಮಳೆ ಹೊಳವಾದಾಗ ಇನ್ನೊಂದು ಸಲ, ಅಡಿಕೆ ಗೊನೆ ಪೂರ್ತಿ ತೊಟ್ಟಿನ ಸಂದಿಯೆಲ್ಲಾ ನೆನೆಯೋ ಹಾಗೆ. ರೋಗ ಶುರುವಾಗೋದೇ ಆ ತೊಟ್ಟಿನ ಹತ್ರ, ನೀರು ಕುಡಿದ ಹಾಗೆ ಕಡುಹಸಿರು ಕಲೆ. ಕಾಯಿ ಉದುರಿದ್ಮೇಲೆ ಬಿಳಿ ಬೂಷ್ಟು. ಅಂದಹಾಗೆ ಈ ರೋಗ ತರೋ ಫೈಟಾಪ್ತೊರಾ ಅನ್ನೋ ಜೀವಿ ನಿಜವಾದ ಶಿಲೀಂಧ್ರ ಅಲ್ವಂತೆ, ವಿಜ್ಞಾನಿಗಳು ಪಾಚಿ ಕಡೆಯ ನೆಂಟ ಅಂತಾರೆ, ಆದ್ರೆ ತೋಟಕ್ಕೆ ಅದರಿಂದ ಏನೂ ವ್ಯತ್ಯಾಸ ಇಲ್ಲ ಬಿಡಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೃಷಿ ಇಲಾಖೆಯ ಕೋಲ್ಮನ್ ಸಾಹೇಬ್ರು ಹೇಳಿಕೊಟ್ಟ ಬೋರ್ಡೋನೇ ಈಗ್ಲೂ ನಡೀತಿದೆ.

ಉದುರಿದ ಕಾಯಿನ ಮರದ ಬುಡದಲ್ಲೇ ಬಿಡ್ಬೇಡಿ, ಆರಿಸಿ ತೋಟದಿಂದ ಆಚೆ ಹಾಕಿ, ಮಳೆ ಹನಿ ಸಿಡಿದು ಅಲ್ಲಿಂದ್ಲೇ ಬೀಜಾಣು ಹರಡುತ್ತೆ. ಸುಳಿ ಹಳದಿಯಾಗಿ ಎಳೆದ್ರೆ ಕೈಗೆ ಬಂದ್ರೆ ಅದು ಸುಳಿಕೊಳೆ, ಆ ಮರ ಉಳಿಯೋದು ಕಷ್ಟ, ಅಕ್ಕಪಕ್ಕದ ಮರಗಳ ಸುಳಿಗೂ ಅವತ್ತೇ ಔಷಧಿ ಹೊಡೀರಿ.