ಬ್ಯಾಟರಿ ಗಾಡಿ ಮುಗ್ಗರಿಸುತ್ತಿದೆಯೇ? ಕಂಟ್ರೋಲರ್ ಬದಲಿಸುವ ಮೊದಲು ಇಷ್ಟು ನೋಡಿ

ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಜನರನ್ನು ಕರೆದೊಯ್ಯುವ ಬ್ಯಾಟರಿ ಗಾಡಿ ನೋಡಿರುತ್ತೀರಿ. ಮೈಸೂರು ಮೃಗಾಲಯದಲ್ಲೂ ಇವೆ. ಈಗ ರೆಸಾರ್ಟ್, ಆಸ್ಪತ್ರೆ, ದೊಡ್ಡ ಅಪಾರ್ಟ್‌ಮೆಂಟ್‌ಗಳಿಗೂ ಬಂದಿವೆ. ಇವೆಲ್ಲ ಗಾಲ್ಫ್ ಕಾರ್ಟ್ ಜಾತಿಯವೇ. ಇಂಥ ಗಾಡಿ ನಿಂತುಬಿಟ್ಟರೆ ಕಷ್ಟ ಆಗುವುದು ಮೊಣಕಾಲು ನೋವಿನ ಅಜ್ಜ ಅಜ್ಜಿಯರಿಗೆ.

ಗಾಡಿ ನಿಂತ ಕೂಡಲೇ ಕೇಳಿಬರುವ ಮಾತು, "ಕಂಟ್ರೋಲರ್ ಹೋಗಿದೆ ಸರ್, ಚೇಂಜ್ ಮಾಡ್ಬೇಕು." ಕಂಟ್ರೋಲರ್ ಅಂದರೆ ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಪೆಟ್ಟಿಗೆ. ಅದನ್ನು ಬದಲಿಸುವುದು ಸಾವಿರಾರು ರೂಪಾಯಿಯ ಖರ್ಚು. ಆದರೆ ಪೆಡಲ್ ಕೆಳಗಿನ ಸಣ್ಣ ಸ್ವಿಚ್ಚೋ, ಸಡಿಲವಾದ ಲಗ್ಗೋ (ಕೇಬಲ್ ತುದಿಯ ಲೋಹದ ಬಳೆ) ಕೆಟ್ಟಿದ್ದರೂ ಗಾಡಿ ಹೀಗೆಯೇ ನಿಲ್ಲುತ್ತದೆ. ಹಾಗಾಗಿ ಕಂಟ್ರೋಲರ್ ಮೇಲೆ ತಪ್ಪು ಹೊರಿಸುವುದು ಕೊನೆಯ ಹೆಜ್ಜೆ ಆಗಬೇಕು. ಒಂದು ಮಲ್ಟಿಮೀಟರ್, ಸ್ಪ್ಯಾನರ್ ಸೆಟ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಇಲ್ಲಿ ಹೇಳುತ್ತಿರುವುದು ಡಿಸಿ ಮೋಟಾರ್, ಲೆಡ್ ಆ್ಯಸಿಡ್ ಬ್ಯಾಟರಿ ಇರುವ 48 ವೋಲ್ಟಿನ ಗಾಡಿಯ ವಿಷಯ.

ಮೊದಲು ಗಾಡಿ ಹೇಗೆ ಓಡುತ್ತದೆ ಅಂತ ತಿಳಿದುಕೊಳ್ಳಿ. ಕೀ ಆನ್ ಮಾಡಿ ಪೆಡಲ್ ಸ್ವಲ್ಪ ತುಳಿದರೆ ಅದರ ಜೊತೆಗಿರುವ ಮೈಕ್ರೋ ಸ್ವಿಚ್ ಒತ್ತುತ್ತದೆ. ಆಗ ಸಾಲಿನಾಯ್ಡ್ ಅನ್ನುವ ದೊಡ್ಡ ವಿದ್ಯುತ್ ಸ್ವಿಚ್ ಟಕ್ ಅಂತ ಕೂತು ಬ್ಯಾಟರಿಯ ಕರೆಂಟನ್ನು ಕಂಟ್ರೋಲರ್‌ಗೆ ಬಿಡುತ್ತದೆ. ಇನ್ನೂ ತುಳಿದಂತೆ ಎಷ್ಟು ವೇಗ ಬೇಕು ಅನ್ನುವ ಸಿಗ್ನಲ್ ಪೆಡಲ್‌ನಿಂದ ಹೋಗುತ್ತದೆ. ಕಂಟ್ರೋಲರ್ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಆನ್ ಆಫ್ ಮಾಡುತ್ತಾ ಅಷ್ಟನ್ನೇ ಮೋಟಾರಿಗೆ ಕೊಡುತ್ತದೆ. ಹುಡುಕಾಟವೂ ಇದೇ ದಾರಿಯಲ್ಲಿ ಸಾಗಬೇಕು.

ಕೈ ಹಾಕುವ ಮೊದಲು

ಉಂಗುರ, ವಾಚು, ಬಳೆ ತೆಗೆದಿಡಿ. ಬ್ಯಾಟರಿಯ ಎರಡು ತುದಿಗೆ ಸ್ಪ್ಯಾನರ್ ಅಡ್ಡ ಬಿದ್ದರೆ ಕಬ್ಬಿಣವೇ ಕರಗುವಷ್ಟು ಕರೆಂಟ್ ಹರಿಯುತ್ತದೆ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಚಕ್ರಗಳನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚಕ್ರ ಗಾಳಿಯಲ್ಲಿದ್ದಾಗ ಪೆಡಲ್ ಪೂರ್ತಿ ತುಳಿಯಬೇಡಿ. ಸೀರೀಸ್ ಬಗೆಯ ಡಿಸಿ ಮೋಟಾರ್ ಆದರೆ ಭಾರ ಇಲ್ಲದಾಗ ಮಿತಿ ಮೀರಿ ತಿರುಗಿ ಹಾಳಾಗುತ್ತದೆ.

ವೈರ್ ಬಿಚ್ಚುವ ಮೊದಲು ಕೀ ಆಫ್ ಮಾಡಿ. ಟೋ-ರನ್ ಸ್ವಿಚ್ (ಗಾಡಿಯನ್ನು ಎಳೆದೊಯ್ಯುವಾಗ 'ಟೋ', ಓಡಿಸುವಾಗ 'ರನ್') ಇದ್ದರೆ 'ಟೋ' ಕಡೆಗೆ ಹಾಕಿ, ಆಮೇಲೆ ಬ್ಯಾಟರಿಯ ಮುಖ್ಯ ನೆಗೆಟಿವ್ ಕೇಬಲ್ ಬಿಚ್ಚಿ. ಅಷ್ಟಾದರೂ ಕಂಟ್ರೋಲರ್ ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅದರ ಬಿ ಪ್ಲಸ್, ಬಿ ಮೈನಸ್ (ಬ್ಯಾಟರಿ ಸೇರುವ ಎರಡು ಟರ್ಮಿನಲ್) ನಡುವೆ ಗಾಡಿಯ ವೋಲ್ಟೇಜಿಗೆ ತಕ್ಕ ಬಲ್ಬನ್ನೋ ಹಾರ್ನನ್ನೋ ಒಂದಿಷ್ಟು ಹೊತ್ತು ಜೋಡಿಸಿ ಇಳಿಸಿ. ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕೈ ಹಾಕಿ.

ಬ್ಯಾಟರಿ

ಚಾರ್ಜ್ ಆಗಿ ಕೆಲವು ಗಂಟೆ ಸುಮ್ನೆ ನಿಂತ 48 ವೋಲ್ಟಿನ ಸೆಟ್ ಸುಮಾರು 51 ವೋಲ್ಟ್ ತೋರಿಸಬೇಕು. 48ರ ಸುತ್ತಮುತ್ತ ಇದ್ದರೆ ಅರ್ಧ ಖಾಲಿ ಅಂತ ಲೆಕ್ಕ. ಒಂದೊಂದೇ ಬ್ಯಾಟರಿಯನ್ನೂ ಅಳೆಯಿರಿ. ಗಾಡಿ ಓಡುವಾಗ ಒಂದು ಬ್ಯಾಟರಿ ಮಾತ್ರ ಉಳಿದವಕ್ಕಿಂತ ತೀರಾ ಕುಸಿದರೆ ಏರಿನಲ್ಲಿ ಏದುಸಿರು ಬಿಡುವ ಕಾಯಿಲೆಗೆ ಅದೇ ಕಾರಣ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು ಒಣಗಿಸಿ. ಆ ನೀರು ಬ್ಯಾಟರಿಯೊಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ.

ಟಕ್ ಅನ್ನುತ್ತದೆಯೇ?

ಸದ್ದೇ ಇಲ್ಲವಾದರೆ ಸುಲಭದ್ದನ್ನು ಮೊದಲು ನೋಡಿ. ಚಾರ್ಜರ್ ಪ್ಲಗ್ ಇನ್ನೂ ಸಿಕ್ಕಿಸಿಕೊಂಡಿದೆಯೇ? ಟೋ-ರನ್ ಸ್ವಿಚ್ 'ರನ್'ನಲ್ಲಿ ಇದೆಯೇ? ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಕೀ ತಿರುಗಿಸಿದಿರಾ? ಹಾಗೆ ಮಾಡಿದರೆ ಅನೇಕ ಕಂಟ್ರೋಲರ್‌ಗಳು ಗಾಡಿಯನ್ನು ಬಿಡುವುದೇ ಇಲ್ಲ. ಅದು ಸುರಕ್ಷತೆಗೆ ಮಾಡಿದ್ದು. ಕಾಲು ತೆಗೆದು ಮತ್ತೆ ಕೀ ಹಾಕಿ ನೋಡಿ.

ಆಮೇಲೆ ಮೈಕ್ರೋ ಸ್ವಿಚ್. ಬೆರಳಿನ ತುದಿಯಷ್ಟು ದೊಡ್ಡದು, ಪಕ್ಕದಲ್ಲೊಂದು ತೆಳು ತಗಡಿನ ನಾಲಿಗೆ. ದೂಳು, ಮಳೆನೀರು ಸೇರುವ ಜಾಗದಲ್ಲೇ ಇರುತ್ತದೆ. ನಾಲಿಗೆ ಬಗ್ಗಿದ್ದರೆ ಪೆಡಲ್ ಎಷ್ಟು ತುಳಿದರೂ ಸ್ವಿಚ್ ಒತ್ತುವುದಿಲ್ಲ. ಅದರ ವೈರ್ ಬಿಚ್ಚಿ, ಮೀಟರನ್ನು ಕಂಟಿನ್ಯೂಟಿಗೆ ಇಟ್ಟು ಬೆರಳಿನಿಂದ ಒತ್ತಿ. ಬೀಪ್ ಬರಬೇಕು, ಬಿಟ್ಟರೆ ನಿಲ್ಲಬೇಕು. ಅದು ಸರಿ ಇದ್ದರೆ ಕೀ ಸ್ವಿಚ್, ಫಾರ್ವರ್ಡ್-ರಿವರ್ಸ್ ಸ್ವಿಚ್, ಸಾಲಿನಾಯ್ಡ್ ಕಾಯಿಲ್ ಹೀಗೆ ಒಂದೊಂದಾಗಿ ನೋಡಿ.

ಟಕ್ ಅಂದರೂ ಗಾಡಿ ಅಲ್ಲಾಡದಿದ್ದರೆ? ಪೆಡಲ್ ಸ್ವಲ್ಪವೇ ತುಳಿದು ಹಿಡಿದು, ಸಾಲಿನಾಯ್ಡಿನ ಎರಡು ದಪ್ಪ ಬೋಲ್ಟ್‌ಗಳ ನಡುವೆ ಮೀಟರ್ ಇಡಿ. ಸೊನ್ನೆಗೆ ಹತ್ತಿರ ಬರಬೇಕು. ಕೆಲವು ವೋಲ್ಟ್ ತೋರಿಸಿದರೂ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಸಾಲಿನಾಯ್ಡ್ ಬದಲಿಸುವಾಗ ಆ ಬೋಲ್ಟ್‌ಗಳಿಗೆ ಅಡ್ಡವಾಗಿ ಕೂತಿರುವ ರೆಸಿಸ್ಟರನ್ನು ಮರೆಯಬೇಡಿ. ಕೆಪಾಸಿಟರ್‌ಗಳನ್ನು ಮೊದಲೇ ಮೆಲ್ಲಗೆ ತುಂಬಿಸಿಡುವುದು ಅದರ ಕೆಲಸ. ಅದು ತುಂಡಾಗಿದ್ದರೆ ಪ್ರತಿ ಸಲ ಟಕ್ ಅಂದಾಗಲೂ ಒಳಗೆ ಕಿಡಿ ಹಾರಿ, ಹೊಸ ಸಾಲಿನಾಯ್ಡೂ ಬೇಗ ಸುಡುತ್ತದೆ.

ಪೆಡಲ್ ಕೊಡುವ ಸಿಗ್ನಲ್

ಗಾಡಿ ಮುಗ್ಗರಿಸುವುದು, ಅರ್ಧ ವೇಗದಲ್ಲೇ ನಿಲ್ಲುವುದು, ಒಂದು ಜಾಗದಲ್ಲಿ ಸತ್ತು ಮುಂದೆ ಮತ್ತೆ ಎದ್ದುಕೊಳ್ಳುವುದು. ಇವಕ್ಕೆಲ್ಲ ಮೊದಲು ಅನುಮಾನ ಪಡಬೇಕಾದದ್ದು ಇಲ್ಲಿ.

ಹಳೆಯ ಮಾದರಿಗಳಲ್ಲಿ ಪಾಟ್ ಬಾಕ್ಸ್, ಅಂದರೆ ಪೆಡಲ್ ಒತ್ತಿದಂತೆ ರೆಸಿಸ್ಟೆನ್ಸ್ ಬದಲಾಗುವ ಡಬ್ಬಿ ಇರುತ್ತದೆ. ಅದರ ಸಿಗ್ನಲ್‌ಗೆ ಎರಡೇ ವೈರ್. ಕೀ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ, ಓಮ್ಸ್‌ನಲ್ಲಿ ಅಳೆಯಿರಿ. ತುಂಬಾ ಕಡೆ ಬಳಸುವ ಬಗೆಯಲ್ಲಿ ಕಾಲು ಬಿಟ್ಟಾಗ ಸೊನ್ನೆಯ ಹತ್ತಿರ, ಪೂರ್ತಿ ತುಳಿದಾಗ ಸುಮಾರು 5,000 ಓಮ್ ಬರುತ್ತದೆ. ಕೆಲವದರಲ್ಲಿ ಇದು ಉಲ್ಟಾ. ಪೆಡಲನ್ನು ಕೈಯಿಂದ ಮೆಲ್ಲಗೆ, ತುಂಬಾ ಮೆಲ್ಲಗೆ ಒತ್ತುತ್ತಾ ಮೀಟರ್ ಮೇಲೇ ಕಣ್ಣಿಡಿ. ಅಂಕಿ ಒಂದೇ ಸಮನೆ ಏರಬೇಕು. 1,800, 2,000 ಅಂತ ಹೋಗುತ್ತಿದ್ದದ್ದು ಒಮ್ಮೆಲೇ 'ಓಎಲ್' (ಸಂಪರ್ಕ ಕಡಿದಿದೆ ಅಂತ) ತೋರಿಸಿ ಮತ್ತೆ 2,300ಕ್ಕೆ ಬಂದರೆ ಒಳಗಿನ ಟ್ರ್ಯಾಕ್ ಅಲ್ಲಿ ಸವೆದಿದೆ. ಗಾಡಿ ಮುಗ್ಗರಿಸುತ್ತಿದ್ದದ್ದು ಅದೇ ಜಾಗದಲ್ಲಿ. ವೈರನ್ನು ಅಲ್ಲಾಡಿಸಿಯೂ ನೋಡಿ. ಆಗ ಅಂಕಿ ಕುಣಿದರೆ ತಪ್ಪು ವೈರಿನದು, ಪಾಟ್ ಬಾಕ್ಸ್‌ನದಲ್ಲ.

ಪೂರ್ತಿ ತುಳಿದರೂ 3,000 ದಾಟದಿದ್ದರೆ ಭಾಗ ಕೆಟ್ಟಿದೆ ಅಂತ ಅವಸರ ಪಡಬೇಡಿ. ಮ್ಯಾಟ್ ಪೆಡಲ್‌ಗೆ ಅಡ್ಡ ಸಿಕ್ಕಿರಬಹುದು, ರಾಡಿನ ಅಡ್ಜಸ್ಟ್‌ಮೆಂಟ್ ಸರಿದಿರಬಹುದು.

ಮೂರು ವೈರಿನ ಹಾಲ್ ಸೆನ್ಸರ್ (ಮ್ಯಾಗ್ನೆಟ್ ನೆರವಿನಿಂದ ಪೆಡಲ್ ಎಷ್ಟು ಇಳಿಯಿತು ಅಂತ ತಿಳಿಸುವ ಸೆನ್ಸರ್) ಪೆಡಲ್ ಆದರೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಕೀ ಆನ್ ಮಾಡಿ ವೋಲ್ಟೇಜ್ ಅಳೆಯಿರಿ. ಸಾಮಾನ್ಯವಾಗಿ ಸಪ್ಲೈ ವೈರಿನಲ್ಲಿ 5 ವೋಲ್ಟ್ ಇರಬೇಕು. ಸಿಗ್ನಲ್ ವೈರಿನಲ್ಲಿ ಕಾಲು ಬಿಟ್ಟಾಗ 1 ವೋಲ್ಟಿನ ಆಸುಪಾಸು, ತುಳಿದಂತೆ 4ರ ಹತ್ತಿರಕ್ಕೆ ಏರಬೇಕು. ಆ 5 ವೋಲ್ಟೇ ಇಲ್ಲದಿದ್ದರೆ ಪೆಡಲ್ ಕನೆಕ್ಟರ್ ಬಿಚ್ಚಿ ಮತ್ತೆ ಅಳೆಯಿರಿ. ವಾಪಸ್ ಬಂದರೆ ಪೆಡಲ್ ಒಳಗೆ ಶಾರ್ಟ್. ಬರದಿದ್ದರೆ ವೈರ್ ಇಲ್ಲವೇ ಕಂಟ್ರೋಲರ್.

ಪೆಡಲ್ ಸರಿಯಿದ್ದೂ ಗಾಡಿ ತೆವಳುತ್ತಿದ್ದರೆ, ಸ್ಪೀಡ್ ಸೆನ್ಸರ್ ಇರುವ ಮಾದರಿಗಳಲ್ಲಿ ಮೋಟಾರಿನ ತುದಿಯಲ್ಲಿರುವ ಅದರ ಕನೆಕ್ಟರ್, ಮ್ಯಾಗ್ನೆಟ್ ನೋಡಿ.

ಈಗ ಕಂಟ್ರೋಲರ್

ಲೈಟ್ ಮಿನುಗುವ ಬಗೆಯಾದರೆ ಎಷ್ಟು ಸಲ ಮಿನುಗಿತು ಅಂತ ಎಣಿಸಿ ಮ್ಯಾನುಯಲ್‌ನಲ್ಲಿ ಹುಡುಕಿ. ಇಲ್ಲದಿದ್ದರೆ, ಸಾಲಿನಾಯ್ಡ್ ಕೂತಾಗ ಬಿ ಪ್ಲಸ್, ಬಿ ಮೈನಸ್ ನಡುವೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಇದೆಯೇ ನೋಡಿ. ಆಮೇಲೆ ಬಿ ಪ್ಲಸ್, ಎಂ ಮೈನಸ್ (ಮೋಟಾರ್ ಸೇರುವ ಟರ್ಮಿನಲ್) ನಡುವೆ ಅಳೆಯಿರಿ. ಪೆಡಲ್ ಒತ್ತಿದಂತೆ ಸೊನ್ನೆಯಿಂದ ಮೇಲೇರಬೇಕು. ಇನ್‌ಪುಟ್ ಇದೆ, ಪೆಡಲ್ ಸಿಗ್ನಲ್ ಸರಿ ಇದೆ, ಇಲ್ಲಿ ಮಾತ್ರ ಏನೂ ಏರುತ್ತಿಲ್ಲ ಅಂದರೆ ಆಗ ಕಂಟ್ರೋಲರ್ ಹೋಗಿದೆ ಅನ್ನಬಹುದು.

ಇದರ ಉಲ್ಟಾ ಇನ್ನೂ ಅಪಾಯ. ಟಕ್ ಅಂದ ಕೂಡಲೇ ಪೂರ್ತಿ ವೋಲ್ಟೇಜ್ ಬಂದುಬಿಟ್ಟರೆ ಒಳಗೆ ಕರೆಂಟನ್ನು ಆನ್ ಆಫ್ ಮಾಡುವ ಮಾಸ್‌ಫೆಟ್ ಶಾರ್ಟ್ ಆಗಿದೆ. ಅಂಥ ಗಾಡಿ ಪೆಡಲ್ ಮುಟ್ಟಿದ ಕೂಡಲೇ ಪೂರ್ತಿ ವೇಗದಲ್ಲಿ ನುಗ್ಗುತ್ತದೆ. ಅದನ್ನು ಒಂದು ಅಡಿಯೂ ಓಡಿಸಬೇಡಿ.

ಮಧ್ಯಾಹ್ನದ ಬಿಸಿಲಲ್ಲಿ ಏರು ಹತ್ತುವಾಗ ಮಾತ್ರ ನಿಧಾನವಾಗಿ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಸರಿಹೋಗುವುದಾದರೆ ಕಂಟ್ರೋಲರ್ ಕಾದು ತಾನೇ ಕರೆಂಟ್ ತಗ್ಗಿಸಿಕೊಳ್ಳುತ್ತಿರಬಹುದು. ಮೇಲಿನ ದೂಳು ಒರೆಸಿ, ಕೂರಿಸಿರುವ ಪ್ಲೇಟಿನ ಬೋಲ್ಟ್ ಬಿಗಿ ಮಾಡಿ.

ರಿಪೇರಿ ಆದ ಮೇಲೆ ಜಾಕ್ ಇಳಿಸಿ, ಜನರನ್ನು ಹತ್ತಿಸಿಕೊಳ್ಳದೆ ಖಾಲಿ ಜಾಗದಲ್ಲಿ ಓಡಿಸಿ. ಪೆಡಲ್ ಬಿಟ್ಟಾಗ ವೇಗ ಇಳಿಯುತ್ತದೆಯೇ, ಬ್ರೇಕ್ ಹಿಡಿಯುತ್ತದೆಯೇ, ರಿವರ್ಸ್ ಬೀಳುತ್ತದೆಯೇ ನೋಡಿ. ಹತ್ತಿಪ್ಪತ್ತು ನಿಮಿಷ ಓಡಿಸಿ ಕೀ ಆಫ್ ಮಾಡಿ, ದಪ್ಪ ಕೇಬಲ್‌ಗಳ ಲಗ್ ಹತ್ತಿರ ಕೈ ಹಿಡಿಯಿರಿ. ಒಂದು ಲಗ್ ಮಾತ್ರ ಉಳಿದವಕ್ಕಿಂತ ಜಾಸ್ತಿ ಕಾದಿದ್ದರೆ ಅದರ ನಟ್ ಸಡಿಲ ಇದೆ, ಇಲ್ಲವೇ ಕೇಬಲನ್ನು ಲಗ್‌ಗೆ ಒತ್ತಿ ಹಿಡಿಸಿದ ಕ್ರಿಂಪ್ ಸರಿಯಾಗಿ ಕೂತಿಲ್ಲ. ಅದನ್ನೂ ಆವತ್ತೇ ಸರಿಮಾಡಿಬಿಡಿ.